ಟೋಪಿಯವನು ಎಡಕ್ಕೇ ನಡೆಯುತ್ತಿದ್ದ

“ಆಮಾ, ನಾನು ಮುಟ್ಟಿಲ್ಲ! ನಿನ್ನಾಣೆ, ಮುಟ್ಟಿಲ್ಲ!”

ಪೇ ಶಾನ್ ಎರಡೂ ಕೈ ಮೇಲೆತ್ತಿ ಅಜ್ಜಿಗೆ ತೋರಿಸಿದಳು. ಕಂಟ್ರೋಲರ್ ತನ್ನ ಪಾಡಿಗೆ ತಾನು ಚಾಪೆಯ ಮೇಲೆ ಬಿದ್ದಿತ್ತು. ಆದರೂ ಟೀವಿಯ ಗೇಮಿನಲ್ಲಿ ಹುಲ್ಲಿನ ಟೋಪಿಯ ಪುಟ್ಟ ರೈತ ನಡೆಯುತ್ತಿದ್ದ. ಎಡಕ್ಕೆ, ಎಡಕ್ಕೆ. ಗದ್ದೆ ದಾಟಿ ಬಾವಿಕಟ್ಟೆ ಮುಟ್ಟಿದ. ಕಟ್ಟೆ ಅಡ್ಡ ಬಂದರೂ ಅವನ ಕಾಲು ನಿಲ್ಲಲಿಲ್ಲ. ಬಾವಿಯೊಳಗಿಂದ ಯಾರೋ ಕರೆಯುತ್ತಿರುವ ಹಾಗೆ ನಿಂತಲ್ಲೇ ಟಪ್ ಟಪ್ ಹೆಜ್ಜೆ ಹಾಕುತ್ತಿದ್ದ.

ಅಜ್ಜಿ ಆಗಷ್ಟೇ ಕೆಳಗೆ ರಸ್ತೆ ಬದಿಯಲ್ಲಿ ಊದುಬತ್ತಿ ಹಚ್ಚಿ ಬಂದಿದ್ದಳು. ಚೀನೀ ಪಂಚಾಂಗದ ಏಳನೇ ತಿಂಗಳು ಅದು. ಸತ್ತವರು ಊರು ಸುತ್ತಲು ಬರುವ ತಿಂಗಳು. ಈಗ ‘ದೆವ್ವ’ ಅನ್ನುವ ಹಾಗಿಲ್ಲ, ‘ಒಳ್ಳೆಯ ಅಣ್ಣಂದಿರು’ ಅನ್ನಬೇಕು.

“ಯಾರೋ ಅಣ್ಣ ಬಂದು ಆಡ್ತಿದ್ದಾನೆ, ಆಡ್ಲಿ ಬಿಡೇ,” ಎಂದಳು ಅಜ್ಜಿ. “ಈ ತಿಂಗಳ ಬೀದಿ ನಾಟಕದಲ್ಲಿ ಮುಂದಿನ ಸಾಲು ಅವರಿಗೇ ಅಂತ ಖಾಲಿ ಬಿಡಲ್ವಾ? ನೀನು ಸ್ವಲ್ಪ ಸರಿದು ಕೂತ್ಕೊ.”

ಅಷ್ಟೇ ಅಲ್ಲ, ಕಂಟ್ರೋಲರ್ ಪಕ್ಕ ಒಂದು ಕಿತ್ತಳೆಹಣ್ಣನ್ನೂ ಇಟ್ಟಳು. ಪೇ ಶಾನ್ ಸರಿದು ಕೂರಲಿಲ್ಲ. ಒಂದೇ ಓಟಕ್ಕೆ ಅಡುಗೆಮನೆ ಸೇರಿದಳು.

ಗೇಮ್ ಸೆಟ್ ಅವಳದ್ದಲ್ಲ, ಮೂರನೇ ಮಹಡಿಯ ವೀ ಕಿಯಟ್‌ನದ್ದು. ಕ್ಲಾಸಿನಲ್ಲಿ ಒಂದು ರಬ್ಬರ್ ಕೊಡಲೂ ಹಿಂದೆ ಮುಂದೆ ನೋಡುವ ಜಿಪುಣ ಅವನು. ಅಂಥವನು ಭಾನುವಾರ ತಾನಾಗೇ ಹೊತ್ತು ತಂದು, “ತಗೋ, ಈ ತಿಂಗಳು ಪೂರ್ತಿ ನಿನ್ನ ಹತ್ರಾನೇ ಇರ್ಲಿ,” ಅಂದಿದ್ದ. ಪೇ ಶಾನ್ ಕುಣಿದಾಡಿದ್ದಳು. ಯಾಕೆ ಕೊಟ್ಟ ಎಂದು ಯೋಚಿಸಿರಲಿಲ್ಲ.

ಮರುದಿನ ಸ್ಕೂಲಿನಲ್ಲಿ ಅವನೇ ಹತ್ತಿರ ಬಂದ.

“ಅವನು... ನಡೆದ್ನಾ?”

“ಗೊತ್ತಿದ್ದೂ ಕೊಟ್ಯಾ? ಪುಕ್ಕಲ! ಇವತ್ತು ಸಂಜೇನೇ ತಂದು ನಿನ್ನ ಬಾಗಿಲಿಗೆ ಬಿಸಾಡ್ತೀನಿ!”

“ಅಣ್ಣಂದಿರಲ್ಲ ಕಣೇ! ಕಂಟ್ರೋಲರ್ ಒಳಗೆ ಸ್ಟಿಕ್ ಸವೆದು, ಮುಟ್ಟದಿದ್ರೂ ಒಂದೇ ಕಡೆ ಒತ್ತಿದ ಹಾಗಾಗುತ್ತಂತೆ. ತುಂಬಾ ಜನರದ್ದು ಹೀಗೇ ಆಗಿದೆ, ನೆಟ್ಟಲ್ಲಿ ಕಂಪನಿ ಜೊತೆ ಒಂದೇ ಜಗಳ. ಸರ್ವಿಸ್ ಸೆಂಟರ್‌ಗೆ ಹೋದ್ರೆ, ‘ಎಲ್ಲಿ ಬೀಳಿಸ್ದೆ?’ ಅಂತ ನನ್ನನ್ನೇ ಬೈದ್ರು.”

“ಸವೆದಿರೋದು ಅಂತ ಗೊತ್ತಿದ್ರೆ ನೀನೇ ಇಟ್ಕೋಬೇಕಿತ್ತು!”

ವೀ ಕಿಯಟ್ ಅಲ್ಲಿಂದ ಓಡಿಬಿಟ್ಟ.

ಸಂಜೆ ಪೇ ಶಾನ್ ಸೆಟ್ಟನ್ನು ಚೀಲಕ್ಕೆ ತುಂಬಿ ಮೆಟ್ಟಿಲು ಹತ್ತಿದಳು. ಕೆಳಗೆ ಸತ್ತವರಿಗೆಂದು ಸುಟ್ಟ ಕಾಗದದ ಬೂದಿ ಗಾಳಿಗೆ ಮೇಲೆ ಬಂದು ಅವಳ ಕೂದಲ ಮೇಲೆ ಕೂರುತ್ತಿತ್ತು. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಚೀಲದೊಳಗೆ ಟಪ್ ಟಪ್ ಸದ್ದಾಯಿತೇ? ಇಲ್ಲ, ಅವಳದೇ ಚಪ್ಪಲಿ. ಹೆದರಿಕೆ ಹೆಚ್ಚಿದಷ್ಟೂ ಅವಳ ಕೋಪವೂ ಹೆಚ್ಚಿತು. ಬೈಯಬೇಕಾದ ಮಾತನ್ನೆಲ್ಲ ಬಾಯಿಪಾಠ ಮಾಡಿಕೊಂಡಳು.

ವೀ ಕಿಯಟ್ ಬಾಗಿಲು ತೆರೆದ.

ಮನೆಯ ಲೈಟುಗಳೆಲ್ಲ ಉರಿಯುತ್ತಿದ್ದವು. ಹಾಲಿನಲ್ಲಿ, ಅಡುಗೆಮನೆಯಲ್ಲಿ, ಬಚ್ಚಲಲ್ಲೂ. ರೇಡಿಯೋ ಜೋರಾಗಿ ಒದರುತ್ತಿತ್ತು. ಒಳಗೆ ಬೇರೆ ಯಾರೂ ಇರಲಿಲ್ಲ.

“ನಿಮ್ಮಪ್ಪ ಅಮ್ಮ?”

“ನೂಡಲ್ಸ್ ಅಂಗಡೀಲಿ. ಈ ತಿಂಗಳು ನಾಟಕ ನೋಡೋಕೆ ಬರೋರು ಜಾಸ್ತಿ ಅಲ್ವಾ, ಲೇಟಾಗುತ್ತೆ.”

“ದಿನಾಲೂನಾ?”

“ಹೂಂ.”

ಅವನು ಮಾತಾಡುತ್ತಿದ್ದದ್ದು ಅವಳ ಜೊತೆ, ಕಣ್ಣು ಮಾತ್ರ ಚೀಲದ ಮೇಲಿತ್ತು. ಬಾಯಿಪಾಠ ಮಾಡಿದ್ದರಲ್ಲಿ ಒಂದು ಮಾತೂ ಪೇ ಶಾನ್‌ಗೆ ನೆನಪಾಗಲಿಲ್ಲ.

“ಚಪ್ಪಲಿ ಹಾಕ್ಕೊ,” ಎಂದಳು. “ಆಮಾ ಗಂಜಿ ಮಾಡಿದ್ದಾಳೆ. ನಿಮ್ಮಮ್ಮ ಬರೋವರೆಗೂ ನಮ್ಮನೇಲೇ ಇರು.”

ವೀ ಕಿಯಟ್ ರೇಡಿಯೋ ನಿಲ್ಲಿಸಿದ. ಬಚ್ಚಲ ಲೈಟ್ ಆರಿಸಿದ, ಅಡುಗೆಮನೆಯದ್ದೂ ಆರಿಸಿದ. ಹಾಲಿನ ಸ್ವಿಚ್ಚಿನ ಮೇಲೆ ಅವನ ಬೆರಳು ನಿಂತುಬಿಟ್ಟಿತು.

ಪೇ ಶಾನ್ ಚೀಲವನ್ನು ಬಾಗಿಲ ಹೊರಗೆ ಇಟ್ಟು ಒಳಗೆ ಹೋಗಿ ಅವನ ಪಕ್ಕ ನಿಂತಳು.

“ಈಗ ಆರಿಸು,” ಎಂದಳು.