ಹೆರಿಗೆ ಕೋಣೆಯ ಗಡಿಯಾರ

ಮಗಳ ಮೈ ಒರೆಸಲೆಂದು ತಾಯಿ ಹೊದಿಕೆ ಸರಿಸಿದಳು. ಹೊಟ್ಟೆಯ ಮೇಲ್ಭಾಗದಲ್ಲಿ ಎರಡು ಅಂಗೈಗಳ ಗುರುತು ನೀಲಿಗಟ್ಟಿತ್ತು. ಕೆಳತುಟಿ ಒಡೆದಿತ್ತು.

"ಅಯ್ಯಯ್ಯೋ, ಹೆರೋಕೆ ಬಂದೋಳನ್ನ ಹೊಡೆದು ಹಾಕಿದ್ದಾರಲ್ಲಪ್ಪೋ!"

ಆ ಕೂಗು ಆಸ್ಪತ್ರೆಯ ಗೇಟಿನವರೆಗೂ ಕೇಳಿಸಿತು. ಮೂರನೇ ಮಂಚದ ಬಾಣಂತಿ ಗರ್ಭಕೋಶ ಹರಿದು ಸತ್ತು ಆಗಲೇ ಒಂದು ಗಂಟೆಯಾಗಿತ್ತು. ಕೂಸು ಬದುಕಿತ್ತು.

ಇನ್‌ಸ್ಪೆಕ್ಟರಮ್ಮ ಬರುವಷ್ಟರಲ್ಲಿ ಎಲ್ಲರ ಬೆರಳೂ ಆಸ್ಪತ್ರೆಯ ಆಯಾಳ ಕಡೆ ತಿರುಗಿತ್ತು. ಇಪ್ಪತ್ತೆರಡು ವರ್ಷದಿಂದ ಅದೇ ಕೋಣೆ ಒರೆಸಿದವಳು. ಅವಳನ್ನು ವರಾಂಡದ ಬೆಂಚಿನ ಮೇಲೆ ಕಾವಲಿಟ್ಟು ಕೂರಿಸಿದ್ದರು. ಹೆರಿಗೆ ಹಾಳೆಯಲ್ಲಿ ಕೂಸು ಹೆರಿಸಿದ ಸಣ್ಣ ಡಾಕ್ಟರು ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಬರೆದಿದ್ದರು: '9.35. ಬೇಡವೆಂದರೂ ಕೇಳದೆ ಆಯಾ ಹೊಟ್ಟೆ ಒತ್ತಿದಳು. ತಡೆದೆ. 9.40. ಹೆಣ್ಣು ಕೂಸು. ತೀವ್ರ ರಕ್ತಸ್ರಾವ.'

"ನಿನ್ನ ಕೈಗೆ ಹುಳ ಬೀಳ!" ಎಂದು ಸತ್ತವಳ ತಾಯಿ ಶಪಿಸಿದಳು.

"ನಾನು ಪಕ್ಕದ ಕೋಣೇಲಿ ಟ್ರೇ ತೊಳೀತಿದ್ದೆ ಅಮ್ಮಾ," ಎಂದಳು ಆಯಾ. "ನನ್ನ ಮಾತು ಯಾರು ಕೇಳ್ತಾರೆ? ಜೈಲೇ ಗತಿ."

ನರ್ಸು ನೆಲ ನೋಡುತ್ತ ನಿಂತಿದ್ದಳು. "ನಾನು ಕೂಸು ಒರೆಸ್ತಿದ್ದೆ. ಏನೂ ನೋಡ್ಲಿಲ್ಲ."

ಇನ್‌ಸ್ಪೆಕ್ಟರಮ್ಮನಿಗೆ ಮೈ ಉರಿಯಿತು. ಹತ್ತೊಂಬತ್ತು ವರ್ಷದ ಹಿಂದೆ ಇಂಥದ್ದೇ ಮಂಚದ ಮೇಲೆ ಅವರ ತೊಡೆಗೂ ಏಟು ಬಿದ್ದಿತ್ತು. 'ಆವಾಗ ಸುಖವಾಗಿತ್ತಲ್ಲ, ಈಗ್ಯಾಕೆ ಅರಚ್ತೀಯ?' ಎಂಬ ಮಾತೂ ಬಿದ್ದಿತ್ತು. ಅದನ್ನು ಅವರು ಗಂಡನಿಗೂ ಹೇಳಿರಲಿಲ್ಲ.

* * *

"ಗದರ್ತೀನಿ. ಹೌದು. ಏನೀಗ?" ಎಂದರು ದೊಡ್ಡ ಡಾಕ್ಟರು, ಕನ್ನಡಕ ತೆಗೆದಿಡುತ್ತ. "ದಿನಕ್ಕೆ ಇಪ್ಪತ್ತು ಹೆರಿಗೆ. ಪೂಸಿ ಹೊಡೀತಾ ಕೂತ್ರೆ ಕೂಸು ಉಳಿಯುತ್ತಾ ಹೇಳಿ?"

ಅವರ ಮೇಜಿನ ಮೇಲೆ ಒಂದು ಕಟ್ಟು ಕಾಗದವಿತ್ತು. ಹೆರಿಗೆಯ ಹೊತ್ತಿನಲ್ಲಿ ಹೆಂಗಸರ ಮೇಲೆ ದೌರ್ಜನ್ಯ ನಡೆಯುತ್ತದೆಯೇ ಎಂದು ಮೇಲಿನ ಕಚೇರಿ ಡಾಕ್ಟರುಗಳ ಅಭಿಪ್ರಾಯ ಕೇಳಿತ್ತು. ದೊಡ್ಡ ಡಾಕ್ಟರದ್ದು ಒಂದೇ ಸಾಲು: 'ಇಲ್ಲ. ಗದರುವುದು ದೌರ್ಜನ್ಯವಲ್ಲ.' ಸಣ್ಣ ಡಾಕ್ಟರದ್ದು ಪುಟ ತುಂಬ: 'ಅವಳ ಒಪ್ಪಿಗೆಯಿಲ್ಲದೆ ಬೆರಳೂ ತಾಗಿಸಬಾರದು.'

ಈ ದೊಡ್ಡ ಡಾಕ್ಟರಮ್ಮನದೇ ಕೈವಾಡವಿರಬೇಕು ಎಂದುಕೊಂಡರು ಇನ್‌ಸ್ಪೆಕ್ಟರಮ್ಮ. ಆದರೆ ಒಂಬತ್ತರಿಂದ ಹತ್ತರವರೆಗೆ ದೊಡ್ಡ ಡಾಕ್ಟರು ಆಪರೇಷನ್ ಕೋಣೆಯಲ್ಲಿದ್ದರು. ನಾಲ್ಕು ಜನ ಸಾಕ್ಷಿಯಿದ್ದರು. ರಕ್ತ ನಿಲ್ಲುತ್ತಿಲ್ಲವೆಂದು ಸಣ್ಣ ಡಾಕ್ಟರು ಮಾಡಿದ ಫೋನು ಅಲ್ಲಿಗೇ ಬಂದಿತ್ತು, 9.41ಕ್ಕೆ.

* * *

"ಈ ಹಾಳೆ ಎಲ್ಲಿ ಬರೆದ್ರಿ?"

"ಮಂಚದ ಪಕ್ಕದಲ್ಲೇ ನಿಂತು ಮೇಡಂ. ಗೋಡೆ ಗಡಿಯಾರ ನೋಡ್ಕೊಂಡು," ಎಂದರು ಸಣ್ಣ ಡಾಕ್ಟರು. ಮಾತು ಬೆಣ್ಣೆಯಂತೆ ನಯ.

ಇನ್‌ಸ್ಪೆಕ್ಟರಮ್ಮ ಹೆರಿಗೆ ಕೋಣೆಯ ಗೋಡೆ ನೋಡಿದರು. 1.20. ಕೈಗಡಿಯಾರ ನೋಡಿದರು. 1.13.

"ಇದು ಏಳು ನಿಮಿಷ ಮುಂದಿದೆಯಲ್ಲ?"

"ವರ್ಷದಿಂದ ಹಾಗೇ," ಎಂದಳು ನರ್ಸು. "ಡ್ಯೂಟಿಗೆ ಬರುವಾಗ ನಮ್ಮ ವಾಚು, ಹೋಗುವಾಗ ಈ ಗಡಿಯಾರ. ಅದಕ್ಕೇ ಯಾರೂ ಸರಿ ಮಾಡಿಸಲ್ಲ. ಆದ್ರೆ ಇಲ್ಲಿ ಬರೆಯೋದೆಲ್ಲ ಇದನ್ನ ನೋಡಿಯೇ."

ಇನ್‌ಸ್ಪೆಕ್ಟರಮ್ಮ ಅಜ್ಜಿಯ ತೋಳಿನಲ್ಲಿದ್ದ ಕೂಸಿನ ಪುಟ್ಟ ಮಣಿಕಟ್ಟು ತಿರುಗಿಸಿದರು. ನರ್ಸು ಕಟ್ಟಿದ ಪಟ್ಟಿಯಲ್ಲಿ ಹುಟ್ಟಿದ ಸಮಯವಿತ್ತು: 9.47.

"ಒಂದನೇ ಮಂಚದ ಕೂಸಿನ ಪಟ್ಟಿ 8.22. ನಿಮ್ಮ ಹಾಳೇಲೂ 8.22. ಈ ಕೂಸಿಗೆ ಮಾತ್ರ ಯಾಕೆ ಏಳು ನಿಮಿಷ ವ್ಯತ್ಯಾಸ ಡಾಕ್ಟ್ರೇ?"

ಸಣ್ಣ ಡಾಕ್ಟರು ಹಾಳೆಯತ್ತ ಕೈ ಚಾಚಿದರು.

"ನಾನೇ ಹೇಳ್ತೀನಿ. ಇದನ್ನ ಬರೆದದ್ದು ಇಲ್ಲಲ್ಲ. ಅವಳು ಸತ್ತ ಮೇಲೆ, ನಿಮ್ಮ ಕೋಣೇಲಿ ಕೂತು. ಫೋನಿನಲ್ಲಿ ಕರೆ ಹೋದದ್ದು 9.41 ಅಂತಿತ್ತು. ಅಲ್ಲಿಂದ ಹಿಂದಕ್ಕೆ ಎಣಿಸಿದ್ರಿ. ಗೋಡೆ ಗಡಿಯಾರ ಮರೆತೇಬಿಟ್ರಿ. ಮೊದಲ ಹಾಳೆ ಎಲ್ಲಿ?"

ಇನ್‌ಸ್ಪೆಕ್ಟರಮ್ಮ ಮೂಲೆಯ ಕಸದ ಬುಟ್ಟಿಯನ್ನು ನೆಲಕ್ಕೆ ಸುರಿದರು. ರಕ್ತದ ಹತ್ತಿಯಡಿ ನಾಲ್ಕು ಚೂರು ಸಿಕ್ಕವು. ಜೋಡಿಸಿದರೆ ಅದೇ ಮುತ್ತಿನಂಥ ಅಕ್ಷರ: '9.42. ಹೊಟ್ಟೆ ಒತ್ತಿದೆ.' ಕೆಳಗೆ ಅವರದೇ ಸಹಿ.

"ದಿನಾ ಹನ್ನೊಂದಕ್ಕೆ ಈ ಬುಟ್ಟಿ ಖಾಲಿಯಾಗುತ್ತೆ. ಖಾಲಿ ಮಾಡೋಳನ್ನೇ ನೀವು ಬೆಂಚಿನ ಮೇಲೆ ಕೂರಿಸಿದ್ರಿ."

"ಎಲ್ರೂ ಒತ್ತುತ್ತಾರೆ ಮೇಡಂ!" ಸಣ್ಣ ಡಾಕ್ಟರ ದನಿ ಒಡೆಯಿತು. "ದಿನಾ ಒತ್ತುತ್ತಾರೆ! ತಪ್ಪು ಅಂತ ಅನ್ನಿಸಿದ್ರೆ ನಾನೇ ಬರೆದು ಸಹಿ ಹಾಕ್ತಿದ್ನಾ?"

"ಮತ್ತೆ ಆ ಪುಟ ತುಂಬ ಬರೆದದ್ದು?"

"ಅದು... ಅಭಿಪ್ರಾಯ ಕೇಳಿದ್ರು, ಕೊಟ್ಟೆ."

ನರ್ಸು ಬಿಕ್ಕಿದಳು. "ಬೇಡ ಬೇಡ ಅಂದ್ಲು. ಬಾಯಿ ಮುಚ್ಚು ಅಂತ ಮುಖಕ್ಕೆ ಹೊಡೆದ್ರು. ನಾನು ನೋಡ್ದೆ. ಸುಮ್ನಿದ್ದೆ."

ಬಾಗಿಲಲ್ಲಿ ನಿಂತಿದ್ದ ದೊಡ್ಡ ಡಾಕ್ಟರು ತಮ್ಮ ಕೋಣೆಗೆ ಹೋಗಿ, ಆ ಕಟ್ಟಿನಿಂದ ತಮ್ಮ ಕಾಗದವನ್ನು ಹುಡುಕಿ ತೆಗೆದು, 'ಇಲ್ಲ' ಎಂಬುದನ್ನು ಹೊಡೆದುಹಾಕಿದರು.

* * *

ಜೀಪು ಸಣ್ಣ ಡಾಕ್ಟರನ್ನು ಕೂರಿಸಿಕೊಂಡು ಹೋಯಿತು. ಆಯಾ ಬೆಂಚಿನಿಂದ ಏಳಲೇ ಇಲ್ಲ. ಸತ್ತವಳ ತಾಯಿ ಅವಳ ಮುಂದೆ ಬಂದು ನಿಂತಳು. ಕೂಸನ್ನು ಮುಂದೆ ಚಾಚಿದಳು.

"ಮಗಳ ಮೈ ಒರೆಸೋದು ಅರ್ಧಕ್ಕೇ ನಿಂತಿದೆ," ಎಂದಳು. "ಅಲ್ಲೀವರೆಗೂ ಇದನ್ನ ಎತ್ಕೋತೀಯಾ ತಾಯಿ?"

ಆಯಾ ಎರಡೂ ಕೈಗಳನ್ನು ಸೆರಗಿಗೆ ಒರೆಸಿಕೊಂಡು ಕೂಸನ್ನು ತೆಗೆದುಕೊಂಡಳು.