ಮೆಷಿನ್ ನಿಂತಾಗ ಓದುವ ಪುಸ್ತಕ

“ಅಯ್ಯೋ, ಇನ್ನೂ ಅದೇ ಪುಸ್ತಕಾನಾ?”

ಹಿಂದಿನ ಬೆಂಚಿನಿಂದ ಎಕ್ಸ್‌ಪ್ರೆಸ್ ಕೂಗಿದ. ಇಡೀ ಕ್ಲಾಸು ಘೊಳ್ಳೆಂದು ನಕ್ಕಿತು. ಪುಸ್ತಕ ಹಿಡಿದು ನಿಂತಿದ್ದ ಚೋಟಿಯ ಕಿವಿ ಕೆಂಪಗಾಯಿತು.

ಶುಕ್ರವಾರದ ಕೊನೆಯ ಪೀರಿಯಡ್‌ನಲ್ಲಿ ಎಲ್ಲರೂ ತಾವು ಓದುತ್ತಿರುವ ಪುಸ್ತಕದ ಬಗ್ಗೆ ಮಾತಾಡಬೇಕು. ಎಕ್ಸ್‌ಪ್ರೆಸ್ ವಾರಕ್ಕೊಂದು ಮುಗಿಸುತ್ತಾನೆ, ಅದಕ್ಕೇ ಅವನಿಗೆ ಆ ಹೆಸರು. ಚೋಟಿ ಮಾತ್ರ ಕಳೆದುಹೋದ ಕುದುರೆಯನ್ನು ಹುಡುಕುವ ಹುಡುಗನ ಕತೆಯನ್ನೇ ತಿಂಗಳಿಂದ ಹಿಡಿದುಕೊಂಡಿದ್ದಾಳೆ. ಅರ್ಧವೂ ಆಗಿಲ್ಲ.

“ಕಷ್ಟ ಆಗ್ತಿದೆಯಾ ಮರಿ?” ಎಂದರು ಮಿಸ್. “ಮುಂದಿನ ಶುಕ್ರವಾರದೊಳಗೆ ಮುಗೀದಿದ್ರೆ ಇದನ್ನ ವಾಪಸ್ ತಗೊಂಡು ತೆಳ್ಳಗಿರೋದು ಕೊಡ್ತೀನಿ.”

ವಾಪಸ್ಸಾ! ಏನೇ ಆಗಲಿ, ಮುಗಿಸಿಯೇ ತೀರುತ್ತೇನೆ ಎಂದು ಚೋಟಿ ಹಲ್ಲು ಕಚ್ಚಿ ಕೂತಳು.

ಅವಳಿಗೆ ಓದಲು ಬರುವುದಿಲ್ಲ ಎಂದಲ್ಲ, ಚೆನ್ನಾಗಿಯೇ ಬರುತ್ತದೆ. ಆದರೆ ಅದು ಅವಳೊಬ್ಬಳ ಓದಲ್ಲ. ಅಪ್ಪ ಟೈಲರ್. ಸಂಜೆ ಅಂಗಡಿಯಲ್ಲಿ ಚೋಟಿ ಗಟ್ಟಿಯಾಗಿ ಓದುತ್ತಾಳೆ, ಅಪ್ಪ ಕೇಳುತ್ತಾನೆ. ಮೆಷಿನ್ ಓಡುವಾಗ ಏನೂ ಕೇಳಿಸದು. ಹಾಗಾಗಿ ಗುಂಡಿ ಹಚ್ಚುವಾಗ, ಕೈಯಲ್ಲಿ ಹೆಮ್ಮಿಂಗ್ ಮಾಡುವಾಗ ಮಾತ್ರ ಓದು. ಅದರಲ್ಲೂ ಅಪ್ಪ ಬಾಯಿಮುಚ್ಚಿಕೊಂಡು ಕೇಳುವ ಆಸಾಮಿಯೇ ಅಲ್ಲ.

“ತಡಿ ತಡಿ! ಕುದುರೆ ಕಳೆದುಹೋಗಿದೆ, ಈ ಹುಡುಗನ ಮಾವ ಗೊರಕೆ ಹೊಡೀತಾನಲ್ಲ! ಇವನೇ ಕಳ್ಳ!”

“ಪಾಪ, ಸುಸ್ತಾಗಿರುತ್ತಪ್ಪ. ದಿನವಿಡೀ ಹುಡುಕಿದ್ದಾನೆ.”

“ಹುಡುಕಿದ್ದಾನಂತೆ! ನಾಟಕ ಅಷ್ಟೇ!”

ಜಗಳ ಮುಗಿಯುವುದರೊಳಗೆ ಶರ್ಟಿನ ಗುಂಡಿಗಳೂ ಮುಗಿಯುತ್ತವೆ. ಮತ್ತೆ ಮೆಷಿನ್ ಸದ್ದು.

ಅಂದು ಸಂಜೆ ಚೋಟಿ ಸೊಂಟದ ಮೇಲೆ ಕೈಯಿಟ್ಟಳು. “ಅಪ್ಪ, ಇನ್ಮೇಲೆ ಮಧ್ಯೆ ಬಾಯಿ ಹಾಕ್ಬೇಡ. ಶುಕ್ರವಾರಕ್ಕೆ ಮುಗೀಲಿಲ್ಲಾಂದ್ರೆ ಮಿಸ್ ಪುಸ್ತಕ ಕಿತ್ಕೊಳ್ತಾರೆ.”

“ಹೌದಾ? ಸರಿ ತಾಯಿ, ತುಟಿ ಬಿಚ್ಚಲ್ಲ.”

ಪುಟಗಳು ಸರಸರನೆ ಓಡಿದವು. ಕತೆಯಲ್ಲಿ ಹುಡುಗ ನಿದ್ದೆಹೋದ ಮೇಲೆ ಮಾವ ಸದ್ದಿಲ್ಲದೆ ಎದ್ದು ಎಲ್ಲಿಗೋ ಹೊರಟ. ಚೋಟಿ ಓರೆಗಣ್ಣಿನಲ್ಲಿ ನೋಡಿದಳು. ಅಪ್ಪ ತಲೆ ತಗ್ಗಿಸಿ ಗುಂಡಿ ಹಚ್ಚುತ್ತಿದ್ದ.

“ಮಾವ ಎದ್ದು ಹೋದ. ಕೇಳಿಸ್ತಾ?”

“ಹೂಂ.”

“ಏನೂ ಅನ್ನಲ್ವಾ?”

“ನೀನೇ ಬೇಡ ಅಂದ್ಯಲ್ಲ.”

ಚೋಟಿಗೆ ಕತೆಯೆಲ್ಲ ಸಪ್ಪೆ ಸಪ್ಪೆ ಅನಿಸಿತು. ಅಳುವೂ ಬಂತು. ಕಣ್ಣೊರೆಸಿಕೊಂಡು, ಅಂದು ಓದಿದ ಪುಟಗಳನ್ನೆಲ್ಲ ಹಿಂದಕ್ಕೆ ಮಗುಚಿದಳು.

“ಮತ್ತೆ ಓದ್ತೀನಿ. ನೀನು ಜಗಳ ಆಡು.”

“ಮಿಸ್ ಕಿತ್ಕೊಂಡ್ರೆ?”

“ನಾನು ಕೊಟ್ರೆ ತಾನೇ!”

ಶುಕ್ರವಾರ ಬಂತು. ಎಕ್ಸ್‌ಪ್ರೆಸ್ ಬಾಯಿ ತೆರೆಯುವ ಮೊದಲೇ ಚೋಟಿ ಎದ್ದು ನಿಂತಳು.

“ಇನ್ನೂ ಅದೇ ಪುಸ್ತಕ ಮಿಸ್, ಮುಗಿದಿಲ್ಲ. ಮಾವನೇ ಕುದುರೆ ಕದ್ದಿದ್ದು ಅಂತಾರೆ ನಮ್ಮಪ್ಪ. ಅಲ್ಲ ಅಂತೀನಿ ನಾನು. ಇದು ತೀರ್ಮಾನ ಆಗೋವರೆಗೂ ವಾಪಸ್ ಕೊಡಲ್ಲ.”

ಗೊರಕೆಯ ವಿಷಯ, ಮಾವ ಎದ್ದುಹೋದ ವಿಷಯ ಎಲ್ಲ ಹೇಳಿದಳು.

“ಕಳ್ಳನೇ ಅವನು!”

“ಅಲ್ವೋ, ಕುದುರೆ ಹುಡುಕೋಕೆ ಹೋಗಿರ್ತಾನೆ!”

ಕ್ಲಾಸು ಎರಡು ಪಾಲಾಯಿತು. ಎಕ್ಸ್‌ಪ್ರೆಸ್‌ಗಂತೂ ತಡೆಯಲಾಗಲಿಲ್ಲ. “ಕೊನೇ ಪುಟ ನೋಡೇ! ಈಗ್ಲೇ ಗೊತ್ತಾಗುತ್ತೆ!”

ಚೋಟಿ ಪುಸ್ತಕವನ್ನು ಎದೆಗವಚಿಕೊಂಡಳು. “ಅಪ್ಪ ಇಲ್ದೆ ನೋಡಲ್ಲ.”

ಮಿಸ್ ನಕ್ಕುಬಿಟ್ಟರು. “ಆಯ್ತಮ್ಮ, ಇಟ್ಕೋ. ಮುಂದಿನ ವಾರ ಅಪ್ಪ ಏನಂದ್ರು ಹೇಳು.”

ಸಂಜೆ ಅಂಗಡಿಗೆ ಹೋದವಳೇ ಚೋಟಿ ಎಲ್ಲ ವರದಿ ಒಪ್ಪಿಸಿದಳು. “ಅರ್ಧ ಕ್ಲಾಸು ನನ್ನ ಕಡೆ ಅಪ್ಪ!”

“ಅಷ್ಟೂ ಜನಾನ ಇಲ್ಲಿಗೆ ಕಳ್ಸು, ನಾನು ವಿಚಾರಿಸ್ಕೋತೀನಿ,” ಎಂದು ಅಪ್ಪ ಮೆಷಿನ್ ತುಳಿಯತೊಡಗಿದ.

ಚೋಟಿ ಪುಟ ತೆರೆದು, ಸಾಲಿನ ಮೇಲೆ ಬೆರಳಿಟ್ಟು ಕಾದಳು. ಮುಂದಿನ ಸಾಲಿನಲ್ಲಿ ‘ಮಾವ’ ಎಂಬ ಪದ ಕಣ್ಣಿಗೆ ಬಿತ್ತು.

ಅವಳು ತಟಕ್ಕನೆ ಅದನ್ನು ಅಂಗೈಯಿಂದ ಮುಚ್ಚಿಕೊಂಡು ಅಪ್ಪನ ಕಾಲು ಯಾವಾಗ ನಿಲ್ಲುತ್ತದೋ ಎಂದು ಅದನ್ನೇ ನೋಡುತ್ತ ಕೂತಳು.