ಹಾಡುವ ಮೊದಲಿನ ಉಸಿರು

ಗಿಟಾರ್ ಉಸಿರೆಳೆದುಕೊಳ್ಳುತ್ತದೆಯೇ? ಮರಕ್ಕೆ ಉಸಿರು ಎಲ್ಲಿಂದ ಬರಬೇಕು! ಕಿವಿಯ ಭ್ರಮೆ ಎಂದುಕೊಂಡ ರಿಪೇರಿಯವನು. ಆದರೆ ಅದನ್ನು ರಿಪೇರಿಗೆ ತಂದಿದ್ದ ಅವನ ಭಾವ ಮತ್ತೊಮ್ಮೆ ತಂತಿ ಮೀಟಿದಾಗ, ನಾದಕ್ಕೆ ಅರೆಕ್ಷಣ ಮೊದಲು, ಅದು ಮತ್ತೆ ಕೇಳಿಸಿತು. ಸಣ್ಣಗೆ, ಗಂಟಲಲ್ಲಿ ಸಿಕ್ಕಿಕೊಂಡಂತೆ. ಹಾಡು ಎತ್ತಿಕೊಳ್ಳುವ ಮೊದಲು ಅಕ್ಕ ಹೀಗೆಯೇ ಉಸಿರೆಳೆದುಕೊಳ್ಳುತ್ತಿದ್ದಳು.

ಅಕ್ಕ ಹಾಡು ನಿಲ್ಲಿಸಿ ಹನ್ನೆರಡು ವರ್ಷ. ಮಾತನ್ನೂ. ಮದುವೆಯಾಗಿ ತಿಂಗಳು ಕಳೆಯುವಷ್ಟರಲ್ಲಿ ದನಿ ಹೋಯಿತು. ಗಂಟಲಿಗೆ ಟಾರ್ಚ್ ಬಿಟ್ಟು ನೋಡಿದ ಡಾಕ್ಟರುಗಳೆಲ್ಲ ಏನೂ ಆಗಿಲ್ಲ ಎಂದೇ ಹೇಳಿದರು. ಅದೇ ವರ್ಷ ಭಾವನ ಹೆಸರು ಮೇಲೆದ್ದಿತು. ಅವನ ಗಿಟಾರ್ ಹೆಣ್ಣಿನ ಹಾಗೆ ಹಾಡುತ್ತದೆಂದು ಜನ ಮುಗಿಬಿದ್ದರು.

"ಬ್ರಿಜ್ ಎದ್ದಿದೆ ಭಾವ," ಎಂದ ರಿಪೇರಿಯವನು, ತಂತಿಗಳ ಬುಡವನ್ನು ಹಿಡಿದಿಡುವ ಮರದ ಪಟ್ಟಿಯ ಕೆಳಗೆ ಉಗುರು ತೂರಿಸುತ್ತ. "ಕಿತ್ತು ಹೊಸದಾಗಿ ಅಂಟಿಸಬೇಕು. ತಂತಿ ಎಲ್ಲಾ ಬಿಚ್ತೀನಿ."

"ಎಲ್ಲಾ ಬೇಡ!" ಭಾವ ಅವನ ಮಣಿಕಟ್ಟು ಹಿಡಿದ. "ಒಂದಾದ್ರೂ ಬಿಗಿಯಾಗಿರಲಿ. ಆರೂ ಒಟ್ಟಿಗೆ ಹೋದ್ರೆ ಒಳಗಿರೋದು ಆಚೆ ಬರುತ್ತೆ. ಆ ಜಾಗ ಖಾಲಿ ಇರಲ್ಲ ಕಣೋ, ಬಿಚ್ಚಿದವನನ್ನೇ ಎಳ್ಕೊಳ್ಳುತ್ತೆ. ಕಟ್ಟಿಕೊಟ್ಟವನು ಹೇಳಿದ್ದಾನೆ."

"ಒಳಗೇನಿದೆ, ಇಲಿ ಸಂಸಾರನಾ?"

ಭಾವ ಗಿಟಾರನ್ನು ಎದೆಗೆ ಒತ್ತಿಕೊಂಡ.

"ಇಷ್ಟು ಭಯ ಬೀಳೋ ಬದಲು ಮಾರಿಬಿಡಿ. ತಗೊಳ್ಳೋಕೆ ಜನ ಸಾಲುಗಟ್ಟಿ ನಿಲ್ತಾರೆ."

"ಪ್ರಾಣ ಬೇಕಾದ್ರೆ ಕೇಳು. ಇದನ್ನ ಮಾರೋ ಮಾತು ಮಾತ್ರ ಆಡಬೇಡ."

ಯಾರ ಪ್ರಾಣ ಎಂಬ ಮಾತು ರಿಪೇರಿಯವನ ನಾಲಗೆಯ ತುದಿಗೆ ಬಂದಿತ್ತು. ಅವನು ಗಿಟಾರನ್ನು ಮೇಜಿನ ಮೇಲೆ ಮಲಗಿಸಿ, ತಂತಿಗಳ ನಡುವಿನಿಂದ ಅದರ ಹೊಟ್ಟೆಯ ದುಂಡನೆಯ ಗುಂಡಿಯೊಳಗೆ ಹಲ್ಲುವೈದ್ಯರ ಪುಟ್ಟ ಕನ್ನಡಿಯನ್ನು ಇಳಿಸಿ, ಟಾರ್ಚ್ ಹಾಕಿದ. ಅಂಗಡಿಯ ಅಂಟು, ವಾರ್ನಿಷ್ ವಾಸನೆಗಳನ್ನೆಲ್ಲ ತಳ್ಳಿಕೊಂಡು ಆ ಗುಂಡಿಯಿಂದ ಬೇರೊಂದು ವಾಸನೆ ಮೇಲೆದ್ದಿತು. ಸುಟ್ಟ ಕೂದಲಿನದು. ಕನ್ನಡಿಯಲ್ಲಿ ಮೊದಲು ಧೂಳು ಕಂಡಿತು. ಆಮೇಲೆ, ಒಳಗಿನ ಆಸರೆಪಟ್ಟಿಗೆ ಸುತ್ತಿದ ತಾಮ್ರದ ತಗಡು. ಅದರ ಕೆಳಗೆ ಒಂದು ಗೇಣುದ್ದದ ಜಡೆ. ಅದರ ತುದಿಯಲ್ಲಿ ಕೆಂಪು ರಿಬ್ಬನ್.

ಅವನಿಗೆ ಆಶ್ಚರ್ಯವಾಗಲಿಲ್ಲ. ಮದುವೆಗೆ ವಾರವಿರುವಾಗ ಬೆನ್ನುಹಲಗೆ ಬಿಚ್ಚಿದ ಈ ಗಿಟಾರನ್ನು ಭಾವ ಇದೇ ಮೇಜಿನ ಮೇಲೆ ತಂದಿಟ್ಟಿದ್ದ. ಜಡೆ ಆಗಲೇ ಒಳಗಿತ್ತು. ರಿಬ್ಬನ್ ತಾನೇ ಅಕ್ಕನಿಗೆ ತಂದುಕೊಟ್ಟದ್ದು, ಗುರುತು ಸಿಗದೇ ಇರುತ್ತದೆಯೇ? "ನಿಮ್ಮಕ್ಕ ಸದಾ ನನ್ನ ಜೊತೆ ಹಾಡಲಿ ಅಂತ," ಎಂದಿದ್ದ ಭಾವ. ಪ್ರೀತಿಯ ಹುಚ್ಚು ಎಂದು ರಿಪೇರಿಯವನು ಹೊಟ್ಟೆ ಹಿಡಿದುಕೊಂಡು ನಕ್ಕು, ಅಂಟು ಬಳಿದು, ಹಲಗೆ ಮುಚ್ಚಿ ಬಿಗಿದಿದ್ದ. ಆಮೇಲೆ ಅಕ್ಕ ದನಿಯಿಲ್ಲದೆ ಬಾಯಿ ತೆರೆದಾಗಲೆಲ್ಲ ಆ ರಿಬ್ಬನ್ ಕಣ್ಣ ಮುಂದೆ ಬರುತ್ತಿತ್ತು. ಮಾಟ ಎಂಬುದೇ ಇಲ್ಲ ಎಂದು ಅವನು ಅಷ್ಟು ಗಟ್ಟಿಯಾಗಿ ನಂಬಿದ್ದು ಅದಕ್ಕೇ.

ಬಾಗಿಲ ಸದ್ದಾಯಿತು. ಗಂಡನ ಊಟದ ಡಬ್ಬಿ ಹಿಡಿದು ಅಕ್ಕ ಬಂದಿದ್ದಳು. ತಮ್ಮನನ್ನು ನೋಡಿ ತುಟಿಯಲ್ಲೇ ನಕ್ಕಳು.

"ನೋಡು, ಎಷ್ಟು ಹೊತ್ತಿಗೆ ಬರ್ತಾಳೆ. ಕೇಳಿದ್ರೆ ಜವಾಬಿಲ್ಲ." ಭಾವ ಕಣ್ಣು ಮಿಟುಕಿಸಿದ. "ಹೆಂಡತಿ ಅಂದ್ರೆ ಹಿಂಗಿರಬೇಕು ಕಣೋ. ಹನ್ನೆರಡು ವರ್ಷದಲ್ಲಿ ಒಂದು ಎದುರುಮಾತಿಲ್ಲ!"

ಅಕ್ಕ ತಲೆ ತಗ್ಗಿಸಿ ಡಬ್ಬಿಯ ಮುಚ್ಚಳ ತೆಗೆಯತೊಡಗಿದಳು.

ರಿಪೇರಿಯವನ ಕೈಗೆ ಕಟಿಂಗ್ ಪ್ಲೈಯರ್ ಬಂದಿತ್ತು. ಬಿಗಿದ ತಂತಿಯನ್ನು ಕತ್ತರಿಸಬಾರದು ಎಂಬುದು ಕಸುಬಿನ ಮೊದಲ ಪಾಠ. ಅವನು ಕತ್ತರಿಸಿದ. ಟಣ್! ತಂತಿ ಹಾರಿ ಕೆನ್ನೆ ಸೀಳಿತು. ಎರಡನೆಯದು. ಮೂರನೆಯದು.

"ಏಯ್! ಹುಚ್ಚು ಹಿಡೀತೇನೋ?"

"ಮಾತಾಡಬೇಡ. ನೀನು ಮಾತಾಡಬೇಡ!" ಭಾವನಿಗೆ ಅವನು ಏಕವಚನ ಬಳಸಿದ್ದು ಅದೇ ಮೊದಲು.

ನಾಲ್ಕು. ಐದು. ಭಾವ ಮೇಲೆ ಬಿದ್ದ. ಅವನು ಮೊಣಕೈಯಿಂದ ನೂಕಿದ. ಡಬ್ಬಿ ಉರುಳಿತು. ಗಿಟಾರಿನ ಹೊಟ್ಟೆಯೊಳಗೆ ಏನೋ ಪರಪರ ಕೆರೆಯತೊಡಗಿತು.

"ಹೇಳ್ಲಾ ಅವಳಿಗೆ?" ಭಾವ ಕಿರುಚಿದ. "ಹೇಳ್ಲಾ? ಅವತ್ತು ಈ ಹಲಗೆ ಯಾರು..."

ಆರನೆಯದು.

ಸದ್ದೇ ಇಲ್ಲ. ರಸ್ತೆಯ ಗದ್ದಲವೂ ನಿಂತಿತು. ಹಾಡುಹಗಲಲ್ಲಿ ಅಂಗಡಿ ಕತ್ತಲಾಯಿತು. ಗುಂಡಿಯೊಳಗಿನಿಂದ ಒಂದು ಉಸಿರು. ದೊಡ್ಡದು. ಹನ್ನೆರಡು ವರ್ಷ ಹಿಡಿದಿಟ್ಟದ್ದು. ತಣ್ಣನೆಯದೇನೋ ರಿಪೇರಿಯವನ ಕೆನ್ನೆ ಸವರಿಕೊಂಡು ಹೋಯಿತು. ಅಕ್ಕನ ಕಡೆಗೆ. ಹೋದದ್ದು ಹಿಂದೆ ಖಾಲಿ ಬಿಟ್ಟಿತ್ತು. ಆ ಖಾಲಿ ಎಳೆಯಿತು. ಗಂಟಲಿಗೆ ಕೈ ಹಾಕಿ ಬೇರು ಕಿತ್ತಂತೆ. ಅವನು ಕೂಗಿದ. ಕೂಗು ಹೊರಗೆ ಬರಲಿಲ್ಲ. ಒಳಮುಖವಾಗಿ ಹೋಯಿತು. ಗುಂಡಿಯೊಳಗೆ ಹೋಯಿತು.

ಬೆಳಕು ಮರಳಿದಾಗ ಅಕ್ಕ ಗೋಡೆಗೊರಗಿ ನಿಂತಿದ್ದಳು. ಎದೆ ಏರಿಳಿಯುತ್ತಿತ್ತು. ಭಾವ ಗಿಟಾರಿಗೆ ಕೈ ಚಾಚಿದ.

"ಮುಟ್ಟಬೇಡ," ಎಂದಳು ಅಕ್ಕ. ತುಕ್ಕು ಹಿಡಿದ ದನಿ, ಆದರೂ ಅವಳದೇ. "ನಡಿ ಆಚೆ. ಈ ಮುಖ ಮತ್ತೆ ತೋರಿಸಬೇಡ. ನಡಿ!"

ಆ ದನಿ ಕೇಳಿದ್ದೇ ಭಾವನ ಮುಖ ಬಿಳಿಚಿಕೊಂಡಿತು. ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿದ.

ಈಗ ಅಂಗಡಿಯಲ್ಲಿ ಮಾತೆಲ್ಲ ಅಕ್ಕನದೇ. ಕೆಲಸ ತಮ್ಮನದು. "ನನ್ನ ತಮ್ಮ ತನ್ನ ಕೊರಳು ಕೊಟ್ಟು ನನ್ನ ಉಳಿಸಿದ," ಎಂದು ಬಂದ ಗಿರಾಕಿಗಳಿಗೆಲ್ಲ ಹೇಳುತ್ತಾಳೆ. ಸಂಜೆ ಹಾಡುತ್ತಾಳೆ. ತಂತಿಯಿಲ್ಲದ ಆ ಗಿಟಾರ್ ಗೋಡೆಯ ಮೇಲಿದೆ. ಯಾರು ಎಷ್ಟು ಕೇಳಿದರೂ ಅವನು ಮಾರುವುದಿಲ್ಲ. ಹೊರಗೆ ಲಾರಿ ಹೋಗಿ ಗೋಡೆ ಅದುರಿದಾಗ ಅದರೊಳಗಿನಿಂದ ಒಂದು ನಗು ಕೇಳಿಸುತ್ತದೆ. ಹೊಟ್ಟೆ ಹಿಡಿದುಕೊಂಡು, ಗೇಲಿ ಮಾಡುತ್ತ, ಎಳೆ ವಯಸ್ಸಿನ ಗಂಡಸೊಬ್ಬ ನಕ್ಕಂತೆ.

"ಅದ್ಯಾರೋ ಅದು, ನಗೋದು?" ಎಂದು ಅಕ್ಕ ಒಮ್ಮೆ ಕೇಳಿದಳು.

ಅವನು ಪೆನ್ಸಿಲ್ ತೆಗೆದುಕೊಂಡು ಚೀಟಿಯ ಮೇಲೆ 'ಗಾಳಿ' ಎಂದು ಬರೆದು ತೋರಿಸಿದ.

ಚೀಟಿಯಲ್ಲಿ ಇನ್ನೂ ಜಾಗವಿತ್ತು. ಅಂದು ಜಡೆಯನ್ನು ಕಂಡೂ ಅಂಟು ಬಳಿದು ಹಲಗೆ ಮುಚ್ಚಿದ್ದು ತಾನೇ ಎಂದು ಅವನು ಅಕ್ಕನಿಗೆ ಎಂದೂ ಹೇಳಲಿಲ್ಲ.